ವಿಹಾರ ದೋಣಿಗೆ ಅಗ್ನಿನಂದಕ: ಆಯ್ಕೆಗೆ ಮುನ್ನ ಅರಿಯಬೇಕಾದ ಅಂಶಗಳು

ಅಂಗಡಿಗೋ ಗೋದಾಮಿಗೋ ಬೆಂಕಿ ತಗುಲಿದರೆ ಒಳಗಿದ್ದವರು ಹೊರಗೋಡಬಹುದು, ಅಗ್ನಿಶಾಮಕ ದಳವನ್ನು ಕರೆಸಬಹುದು. ನಡುನೀರಿನಲ್ಲಿರುವ ದೋಣಿಗೆ ಈ ಎರಡು ಅನುಕೂಲಗಳೂ ಇಲ್ಲ. ಅಲ್ಲಿ ಪ್ರಯಾಣಿಕರ ಪ್ರಾಣರಕ್ಷಣೆಯು ಕೈಗೆಟಕುವಂತಿರುವ ಅಗ್ನಿನಂದಕವನ್ನೇ ಅವಲಂಬಿಸಿರುತ್ತದೆ. ಮಲ್ಪೆಯ ಕಡಲತೀರದಲ್ಲಿ, ಕಬಿನಿಯ ಹಿನ್ನೀರಿನಲ್ಲಿ ದೋಣಿ ನಡೆಸುವವರೂ, ಫೈಬರ್ ದೋಣಿಗಳನ್ನು ತಯಾರಿಸುವವರೂ, ಸುರಕ್ಷತಾ ಸಲಕರಣೆಗಳ ವರ್ತಕರೂ ಈ ವಿಷಯದಲ್ಲಿ ಸ್ಪಷ್ಟ ತಿಳಿವಳಿಕೆ ಹೊಂದಿರುವುದು ಅವಶ್ಯ.

ಬೆಂಕಿಯ ಬಗೆ

ಪೆಟ್ರೋಲ್ ಆವಿಯು ಗಾಳಿಗಿಂತ ಭಾರವಾದುದು. ಸೋರಿದ ಆವಿ ದೋಣಿಯ ತಳದಲ್ಲಿ ಶೇಖರವಾಗಿ ಒಂದು ಕಿಡಿಗಾಗಿ ಕಾದಿರುತ್ತದೆ. ಉರಿಯುವ ಪೆಟ್ರೋಲಿನ ಮೇಲೆ ನೀರು ಸುರಿದರೆ ಇಂಧನ ತೇಲಿ ಬೆಂಕಿ ಹರಡುತ್ತದೆ. ದೋಣಿಯ ಫೈಬರ್ ಮತ್ತು ಮೆತ್ತೆಗಳೂ ಉರಿಯುವಂಥವೇ. ಆದ್ದರಿಂದ ಸಾಮಾನ್ಯ ಬಳಕೆಗೆ ಎಬಿಸಿ ಪುಡಿಯ ಅಗ್ನಿನಂದಕ ಸೂಕ್ತ. ಆದರೆ ಈ ಪುಡಿ ಲೋಹವನ್ನು ಕೊರೆಯುವುದರಿಂದ, ಬಳಸಿದ ನಂತರ ಎಂಜಿನ್ನನ್ನು ಕೂಡಲೇ ಶುಚಿಗೊಳಿಸಬೇಕು. ಇಂಗಾಲದ ಡೈಆಕ್ಸೈಡ್ ಕಲೆ ಉಳಿಸುವುದಿಲ್ಲ. ಆದರೆ ತೆರೆದ ದೋಣಿಯಲ್ಲಿ ಗಾಳಿಗೆ ಚದುರಿಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ ಮನುಷ್ಯರಿಗೆ ಉಸಿರುಕಟ್ಟಿಸುತ್ತದೆ.

ಎಂಜಿನ್ ಕೋಣೆಗೆ ಬೆಂಕಿ ಬಿದ್ದಾಗ ಮುಚ್ಚಳ ತೆರೆಯುವುದು ದೊಡ್ಡ ತಪ್ಪು. ಒಳನುಗ್ಗುವ ಗಾಳಿ ಬೆಂಕಿಯನ್ನು ಹೆಚ್ಚಿಸುತ್ತದೆ. ಅಗ್ನಿನಂದಕದ ಮೂತಿ ತೂರುವಷ್ಟು ಸಣ್ಣ ರಂಧ್ರವನ್ನು ತಯಾರಕರು ಮುಚ್ಚಳದಲ್ಲಿಯೇ ಒದಗಿಸಿದರೆ ಖರ್ಚು ಅತ್ಯಲ್ಪ, ಪ್ರಯೋಜನ ಅಪಾರ. ಮೊದಲು ಎಂಜಿನ್ನನ್ನೂ ಗಾಳಿಯಂತ್ರವನ್ನೂ ನಿಲ್ಲಿಸಬೇಕೆಂಬುದನ್ನು ಚಾಲಕರಿಗೆ ಕಲಿಸಬೇಕು.

ಕಾನೂನು ಮತ್ತು ಗುರುತು

ನಮ್ಮ ದೇಶದಲ್ಲಿ 1917ರ ಕಾಯಿದೆಯ ಸ್ಥಾನದಲ್ಲಿ 2021ರ ಒಳನಾಡು ನೌಕೆಗಳ ಕಾಯಿದೆ ಬಂದಿದ್ದು, ಯಂತ್ರಚಾಲಿತ ನೌಕೆಗಳ ತಪಾಸಣೆ, ನೋಂದಣಿ ಹಾಗೂ ಅಗ್ನಿಸುರಕ್ಷತಾ ಸಾಧನಗಳು ಅದರ ವ್ಯಾಪ್ತಿಗೆ ಸೇರಿವೆ. ಕೈಯಲ್ಲಿ ಬಳಸುವ ಅಗ್ನಿನಂದಕಗಳಿಗೆ ಭಾರತೀಯ ಮಾನಕ ಐಎಸ್ 15683. ಆಯ್ಕೆ ಹಾಗೂ ನಿರ್ವಹಣೆಗೆ ಐಎಸ್ 2190. ಖರೀದಿಸುವಾಗ ಐಎಸ್‌ಐ ಗುರುತಿನೊಂದಿಗಿರುವ ಪರವಾನಗಿ ಸಂಖ್ಯೆಯನ್ನು ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ರಫ್ತುದಾರರು ಅಮೆರಿಕದ ನಿಯಮವನ್ನು ಗಮನಿಸಬೇಕು. 2022ರ ಏಪ್ರಿಲ್ 20ರಿಂದ ಅಲ್ಲಿನ ಕೋಸ್ಟ್ ಗಾರ್ಡ್ ನಿಯಮದಂತೆ, 2018 ಮತ್ತು ನಂತರದ ಮಾದರಿಯ ವಿಹಾರ ದೋಣಿಗಳಲ್ಲಿ 5-ಬಿ ಅಥವಾ 20-ಬಿ ಎಂದು ನಮೂದಿಸಿದ, ಮಾನ್ಯತೆ ಪಡೆದ ಸಾಧನವಿರಬೇಕು. ಸಾಧನ ಕಡ್ಡಾಯವಾಗಿರುವ, 26 ಅಡಿಗಿಂತ ಕಡಿಮೆ ಉದ್ದದ ದೋಣಿಗೆ 5-ಬಿಯ ಒಂದು ಸಾಕು. 26ರಿಂದ 40 ಅಡಿಯೊಳಗಿನದಕ್ಕೆ 5-ಬಿಯ ಎರಡು ಅಥವಾ 20-ಬಿಯ ಒಂದು ಬೇಕು. ಮರುಪೂರಣಕ್ಕೆ ಬಾರದ ಸಾಧನವನ್ನು ತಯಾರಾದ 12 ವರ್ಷಗಳ ನಂತರ ಇಡುವಂತಿಲ್ಲ.

ಇಲ್ಲೊಂದು ತೊಡಕುಂಟು. ಭಾರತದಲ್ಲಿ 'ಸಿ' ಎಂದರೆ ಅನಿಲದ ಬೆಂಕಿ. ಅಮೆರಿಕದಲ್ಲಿ ವಿದ್ಯುತ್ ಉಪಕರಣದ ಬೆಂಕಿ. 'ಬಿ' ಅಕ್ಷರದ ಜೊತೆಗಿನ ಅಂಕಿಗಳ ಅಳತೆಯೂ ಎರಡು ಕಡೆ ಒಂದೇ ಅಲ್ಲ. ಅಕ್ಷರ ಹೊಂದಿತೆಂದು ಒಂದರ ಬದಲು ಇನ್ನೊಂದನ್ನು ಪೂರೈಸಿದರೆ ಸರಕು ತಿರಸ್ಕೃತವಾದೀತು.

ಇರಿಸುವ ಬಗೆ

ಸಣ್ಣ ಪುಡಿ ಸಿಲಿಂಡರು ಬರಿದಾಗಲು ಹತ್ತು ಸೆಕೆಂಡಿನ ಆಸುಪಾಸು ಸಾಕು. ಆದ್ದರಿಂದ ಗುರಿ ತಪ್ಪದಂತೆ, ಪಿನ್ ತೆಗೆದು ಜ್ವಾಲೆಯ ಬುಡಕ್ಕೆ ಸಿಂಪಡಿಸುವ ಅಭ್ಯಾಸ ಸಿಬ್ಬಂದಿಗೆ ಬೇಕು. ಸಾಧನವನ್ನು ಎಂಜಿನ್ ಕೋಣೆಯೊಳಗೆ ಇಡದೆ, ಚಾಲಕನ ಕೈಗೆ ಸಿಗುವಂತೆ ಭದ್ರವಾಗಿ ಬಿಗಿಯಬೇಕು. ಒತ್ತಡದ ಮುಳ್ಳು ಹಸಿರು ಭಾಗದಲ್ಲಿದೆಯೇ, ಸೀಲು ಒಡೆದಿಲ್ಲವೇ, ಉಪ್ಪುಗಾಳಿಗೆ ತುಕ್ಕು ಹಿಡಿದಿಲ್ಲವೇ ಎಂಬುದನ್ನು ತಿಂಗಳಿಗೊಮ್ಮೆ ನೋಡಬೇಕು. ದೋಣಿಯ ಅಲುಗಾಟಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗಬಹುದು. ಮುಳ್ಳು ಸರಿಯಾಗಿದ್ದರೂ ಅಂಥ ಸಾಧನ ಕೈಕೊಡುವ ಸಂಭವವಿದೆ. ವರ್ಷಕ್ಕೊಮ್ಮೆ ಅರ್ಹ ತಂತ್ರಜ್ಞರಿಂದ ಪರೀಕ್ಷೆ ಮಾಡಿಸುವುದು ಒಳಿತು.

ತಪಾಸಣಾಧಿಕಾರಿಯ ಕಣ್ಣಿಗಾಗಿ ತೂಗುಹಾಕಿದ ಅಗ್ಗದ ಸಿಲಿಂಡರು ಕಾಗದದ ಮೇಲಿನ ಅಗತ್ಯವನ್ನಷ್ಟೇ ಪೂರೈಸೀತು. ನಂಬಿ ದೋಣಿ ಹತ್ತಿದ ಗ್ರಾಹಕನ ಪ್ರಾಣವನ್ನು ಕಾಯಬಲ್ಲ ಸಾಧನವನ್ನು ಒದಗಿಸುವುದೇ ಪ್ರಾಮಾಣಿಕ ವ್ಯವಹಾರವೆನಿಸುತ್ತದೆ.