ಹಳದಿ ದೀಪದ ನಾಡಿ ಹಿಡಿಯುವವರು

ಬೀದರಿನಿಂದ ಹೊರಟ ಕಾರು ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿದರೆ ಹೈದರಾಬಾದ್ ಬಂತೆಂದೇ ಲೆಕ್ಕ. ಒಟ್ಟು ದೂರ ಸುಮಾರು 140 ಕಿ.ಮೀ. ಆಸ್ಪತ್ರೆಗೆ, ಮದುವೆಯ ಜವಳಿಗೆ, ವಿಮಾನ ಹಿಡಿಯಲಿಕ್ಕೆ ಎಂದು ಕಲ್ಯಾಣ ಕರ್ನಾಟಕದ ಕಾರುಗಳು ಈ ದಾರಿಯಲ್ಲಿ ಓಡಾಡುತ್ತಲೇ ಇರುತ್ತವೆ. ಹತ್ತು ಹನ್ನೆರಡು ವರ್ಷ ಹಳೆಯದಾದ ಒಂದು ಪೆಟ್ರೋಲ್ ಕಾರಿನಲ್ಲಿ, ಸ್ಟೀರಿಂಗ್ ಹಿಂದಿನ ಮೀಟರುಗಳ ನಡುವೆ, ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು ಎನ್ನಿ. ಪಿಕಪ್ ಚೆನ್ನಾಗಿಯೇ ಇದೆ, ಎಂಜಿನ್ ಬಿಸಿಯಾಗಿಲ್ಲ, ಸದ್ದೂ ಬದಲಾಗಿಲ್ಲ. ಆದರೂ ದೀಪ ಆರುವುದಿಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಪಿ0420 ಎಂಬ ಕೋಡ್ ಬರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯನ್ನು ಇರಬೇಕಾದಷ್ಟು ಶುದ್ಧ ಮಾಡುತ್ತಿಲ್ಲ ಎಂದು ಅದರ ಅರ್ಥ.

ಗ್ಯಾರೇಜಿನವರ ಬಾಯಲ್ಲಿ ಇದು ‘ಕ್ಯಾಟ್‌ಕಾನ್’. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಲೋಹಗಳಿರುವುದರಿಂದ ಹೊಸದರ ಬೆಲೆ ಕೇಳಿದವರು ಒಮ್ಮೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಕೋಡ್ ನೋಡಿದ ಕೂಡಲೇ ‘ಬದಲಿಸಿ’ ಎನ್ನುವವರು ಇದ್ದಾರೆ. ಅರ್ಧ ದಿನ ಕೂತು, ಕೆಟ್ಟಿದ್ದು ಏನು, ಕೆಡಿಸಿದ್ದು ಯಾವುದು ಎಂದು ಹುಡುಕುವವರೂ ಇದ್ದಾರೆ. ಹೈದರಾಬಾದ್ ಇಂಥವರನ್ನು ‘ಉಸ್ತಾದ್’ ಎಂದು ಕರೆಯುತ್ತದೆ. ಈ ಪರಿಚಯ ಅವರ ವಿದ್ಯೆಯದು.

ಮೂಸಿ ಕಲಿಸಿದ ಪಾಠ

ಕ್ಯಾಟ್‌ಕಾನ್ ಕೆಲಸ ಮಾಡುವ ಬಗೆಯನ್ನು ತಿಳಿಯಲು ಈ ಊರಿನ ಚರಿತ್ರೆಯೇ ನೆರವಾಗುತ್ತದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿಹಾಕಿತು. ಮರುವರ್ಷ ನಿಜಾಮರ ಸರ್ಕಾರ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಊರಿಗಿಂತ ಮೇಲೆಯೇ ಜಲಾಶಯ ಕಟ್ಟಿ ನೆರೆಯನ್ನು ಹಿಡಿದಿಡಬೇಕೆಂಬುದು ಅವರ ಯೋಜನೆ. ಅದರ ಫಲವಾಗಿ ಮೂಸಿಗೆ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ಬಂದವು. ಮೇಲಿನಿಂದ ನೀರು ಎಷ್ಟೇ ಎಗರಿ ಬರಲಿ, ಜಲಾಶಯ ಅದನ್ನು ತನ್ನೊಳಗೆ ತುಂಬಿಕೊಂಡು ಕೆಳಕ್ಕೆ ಹದವಾಗಿ ಬಿಡುತ್ತದೆ.

ಕ್ಯಾಟ್‌ಕಾನ್ ಆಮ್ಲಜನಕದ ಜಲಾಶಯ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಂಜಿನ್ನಿನ ಕಂಪ್ಯೂಟರ್ ಮಿಶ್ರಣವನ್ನು ಈ ಹದದ ಆಚೆ ಈಚೆ ಸದಾ ತೂಗಾಡಿಸುತ್ತಿರುತ್ತದೆ. ಆದ್ದರಿಂದ ಹೊಗೆಯಲ್ಲಿ ಒಂದು ಗಳಿಗೆ ಆಮ್ಲಜನಕ ಹೆಚ್ಚು, ಇನ್ನೊಂದು ಗಳಿಗೆ ಕಡಿಮೆ. ಕ್ಯಾಟ್‌ಕಾನ್ ಒಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ಕಿಂಡಿಗಳ ಸೆರಾಮಿಕ್ ಇಟ್ಟಿಗೆಯೊಂದಿದೆ. ಅದಕ್ಕೆ ಲೇಪಿಸಿದ ಸೀರಿಯಂ ಆಕ್ಸೈಡ್ ಹೆಚ್ಚಾದ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಆ ನೆರವಿನಿಂದ ಲೋಹಗಳು ಕಾರ್ಬನ್ ಮೊನಾಕ್ಸೈಡನ್ನೂ ಅರೆಬೆಂದ ಇಂಧನವನ್ನೂ ಸುಟ್ಟು ಮುಗಿಸುತ್ತವೆ, ನೈಟ್ರೋಜನ್ ಆಕ್ಸೈಡುಗಳನ್ನು ಒಡೆಯುತ್ತವೆ.

ಇಟ್ಟಿಗೆಯ ಮುಂದೊಂದು, ಹಿಂದೊಂದು ಆಮ್ಲಜನಕ ಸೆನ್ಸರ್ ಇರುತ್ತದೆ. ಮುಂದಿನದರ ವೋಲ್ಟೇಜು 0.1ರಿಂದ 0.9ರವರೆಗೆ ಏರಿಳಿಯುತ್ತಲೇ ಇರಬೇಕು. ಹಿಂದಿನದು 0.6, 0.7ರ ಆಸುಪಾಸಿನಲ್ಲಿ ಸ್ಥಿರವಾಗಿ ನಿಲ್ಲಬೇಕು. ಕೆರೆಗೆ ಹೂಳು ತುಂಬಿದರೆ ನೆರೆ ನೇರವಾಗಿ ಕೆಳಕ್ಕೆ ಹರಿಯುವಂತೆ, ಇಟ್ಟಿಗೆ ಸೋತಾಗ ಹಿಂದಿನ ಸೆನ್ಸರೂ ಮುಂದಿನದರಂತೆ ಕುಣಿಯತೊಡಗುತ್ತದೆ. ಕಂಪ್ಯೂಟರ್ ಸಾಮಾನ್ಯವಾಗಿ ಎರಡು ಓಟಗಳಲ್ಲಿ ಇದನ್ನು ಕಂಡು ಖಚಿತಪಡಿಸಿಕೊಂಡ ಮೇಲೆಯೇ ದೀಪ ಹೊತ್ತಿಸುತ್ತದೆ.

ನಮ್ಮ ದೇಶದಲ್ಲಿ ಕ್ಯಾಟ್‌ಕಾನ್ ಕಡ್ಡಾಯವಾದದ್ದು 1995ರಲ್ಲಿ, ಆಗ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಮಾತ್ರ. ಸೀಸ ಈ ಲೋಹಗಳಿಗೆ ವಿಷವಾದ್ದರಿಂದ ಸೀಸರಹಿತ ಪೆಟ್ರೋಲೂ ಜೊತೆಗೇ ಬರಬೇಕಾಯಿತು. 2010ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿಎಸ್-4 ನಿಯಮ ಮೊದಲು ಜಾರಿಯಾದ 13 ನಗರಗಳಲ್ಲಿ ಹೈದರಾಬಾದ್ ಒಂದು. ಕ್ಯಾಟ್‌ಕಾನ್ ಕೆಲಸವನ್ನು ಕಾರೇ ಕಾವಲು ಕಾಯಬೇಕೆಂಬ ಒಬಿಡಿ ಎರಡನೇ ಹಂತ ಬಂದದ್ದು 2013ರ ಏಪ್ರಿಲ್‌ನಲ್ಲಿ. ಆ ಕಾಲದ ಕಾರುಗಳಿಗೆ ಈಗ ವಯಸ್ಸಾಗಿದೆ. ಈ ಕೋಡ್ ಹೊತ್ತು ಗ್ಯಾರೇಜಿಗೆ ಬರುವುದು ಹೆಚ್ಚಾಗಿ ಅಂಥವೇ.

ಮೊದಲು ಮಾತು, ಆಮೇಲೆ ಸ್ಪ್ಯಾನರ್

ಒಳ್ಳೆಯ ಉಸ್ತಾದ್ ಕೋಡನ್ನು ತಕ್ಷಣ ಅಳಿಸುವುದಿಲ್ಲ. ಅದರ ಜೊತೆಗೆ ಬೇರೆ ಕೋಡ್‌ಗಳಿವೆಯೇ ಎಂದು ನೋಡುತ್ತಾನೆ. ಪಿ0300ರ ಸಾಲಿನದಿದ್ದರೆ ಸಿಲಿಂಡರ್ ಮಿಸ್‌ಫೈರ್ ಆಗುತ್ತಿದೆ. ಪಿ0171 ಇದ್ದರೆ ಇಂಧನ ಸಾಲುತ್ತಿಲ್ಲ, ಪಿ0172 ಇದ್ದರೆ ಅತಿಯಾಗಿದೆ. ಇವು ಬಗೆಹರಿಯುವ ತನಕ 420ರ ಗೊಡವೆಗೆ ಹೋಗುವುದಿಲ್ಲ. ದೀಪ ಹತ್ತಿದ ಗಳಿಗೆಯ ವೇಗ, ಆರ್‌ಪಿಎಂ, ಎಂಜಿನ್ ಬಿಸಿಯನ್ನು ಕಂಪ್ಯೂಟರ್ ಬರೆದಿಟ್ಟಿರುತ್ತದೆ. ಕೋಡ್ ಅಳಿಸಿದರೆ ಆ ಸಾಕ್ಷ್ಯವೂ ಹೋಗುತ್ತದೆ.

ಬಳಿಕ ಮಾಲೀಕರ ಸರದಿ. “ಗಾಡಿ ಆಯಿಲ್ ಖಾರಿ ಕ್ಯಾ?” ಎಂದು ದಖನಿಯಲ್ಲಿ ಕೇಳುವ ಪ್ರಶ್ನೆ ಬೀದರಿನವರಿಗೂ ಕಲಬುರಗಿಯವರಿಗೂ ಅರ್ಥವಾಗುತ್ತದೆ: ಗಾಡಿ ಆಯಿಲ್ ತಿನ್ನುತ್ತಿದೆಯೇ? ನಡುವೆ ಆಯಿಲ್ ಹಾಕಿಸಿದ್ದೀರಾ, ಕೂಲಂಟ್ ಇಳಿದಿದೆಯೇ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತದೆಯೇ, ಸೈಲೆನ್ಸರ್ ಬೆಸುಗೆ ಹಾಕಿಸಿದ್ದುಂಟೇ, ದೀಪ ಯಾವಾಗಲಾದರೂ ಮಿಣುಕಿತ್ತೇ? ಕೊನೆಯ ಪ್ರಶ್ನೆ ತುಂಬ ಮುಖ್ಯ. ಉರಿಯುತ್ತ ನಿಂತ ದೀಪ ‘ತೋರಿಸಿ’ ಎನ್ನುತ್ತದೆ, ಮಿಣುಕುವ ದೀಪ ‘ಕಾಲು ತೆಗೆ, ನಿಲ್ಲಿಸು’ ಎನ್ನುತ್ತದೆ. ಸುಡದ ಪೆಟ್ರೋಲ್ ಆ ಹೊತ್ತಿಗೆ ಕ್ಯಾಟ್‌ಕಾನ್ ಒಳಗೆ ಉರಿಯುತ್ತಿರುತ್ತದೆ, ಇಟ್ಟಿಗೆಯೇ ಕರಗಬಹುದು.

ಮೂರನೆಯದು ಕಿವಿಯ ಕೆಲಸ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಒತ್ತಿದರೆ ಸೋರುವ ಕಡೆ ‘ಫುಸ್’ ಎನ್ನುತ್ತದೆ. ಗ್ಯಾಸ್ಕೆಟ್ ಬಳಿ ಮಸಿಯ ಗೆರೆ ಕಂಡರೂ ಅದೇ ಸುಳಿವು. ಹೊಗೆ ಹೊರಬರುವ ಸಂದಿನಿಂದ ಗಾಳಿ ಒಳಕ್ಕೂ ನುಗ್ಗುತ್ತದೆ. ಆ ಗಾಳಿಯ ಆಮ್ಲಜನಕ ಸೆನ್ಸರನ್ನು ದಿಕ್ಕು ತಪ್ಪಿಸುತ್ತದೆ. ಒಂದು ಗ್ಯಾಸ್ಕೆಟಿನ ತಪ್ಪಿಗೆ ಕ್ಯಾಟ್‌ಕಾನ್ ತಲೆ ಕೊಡುವುದು ಹೀಗೆ.

ಆಮೇಲೆಯೇ ಪರದೆಯತ್ತ ಕಣ್ಣು. ಎಂಜಿನ್ನನ್ನು 2,500 ಆರ್‌ಪಿಎಂನಲ್ಲಿ ಎರಡು ಮೂರು ನಿಮಿಷ ಓಡಿಸಿ, ಎರಡೂ ಸೆನ್ಸರುಗಳ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡುತ್ತಾರೆ. ಕೆಲವು ಕಾರುಗಳಲ್ಲಿ ಮುಂದಿನ ಸೆನ್ಸರ್ ಬೇರೆ ಜಾತಿಯದಾಗಿದ್ದು ಅಂಕಿಗಳೂ ಬೇರೆಯಾಗಿರುತ್ತವೆ, ಅದನ್ನು ತಿಳಿದೇ ಓದಬೇಕು. ಹಿಂದಿನ ಗೆರೆ ಶಾಂತವಾಗಿದ್ದರೆ ಇಟ್ಟಿಗೆಗೆ ಜೀವವಿದೆ. ಇಟ್ಟಿಗೆ ಒಡೆದಿದ್ದರೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಒಳಗೆ ಗಲಗಲ ಸದ್ದು. ಕಟ್ಟಿಕೊಂಡ ಅನುಮಾನವಿದ್ದರೆ ಮುಂದಿನ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಹಾಕುತ್ತಾರೆ. 2,500 ಆರ್‌ಪಿಎಂನಲ್ಲಿ ಮುಳ್ಳು ಸುಮಾರು 3 ಪಿಎಸ್‌ಐ ದಾಟಿದರೆ ಹೊಗೆಗೆ ದಾರಿಯಿಲ್ಲ ಎಂದರ್ಥ.

ಹೂಳು ಎಲ್ಲಿಂದ ಬಂತು?

ಈ ಪರೀಕ್ಷೆಗಳೆಲ್ಲ ಮುಗಿದ ಮೇಲೂ ಕ್ಯಾಟ್‌ಕಾನ್ ಸತ್ತಿದೆ ಎಂದೇ ಗೊತ್ತಾಗಬಹುದು. ಉಸ್ತಾದ್ ಕೈ ತೊಳೆಯುವುದು ಆಗಲೂ ಅಲ್ಲ. ತಾನು ಸವೆಯದೆ ರಾಸಾಯನಿಕ ಕ್ರಿಯೆಯನ್ನು ನಡೆಸಿಕೊಡುವುದೇ ಕ್ರಿಯಾವರ್ಧಕ ಎಂದು ಶಾಲೆಯಲ್ಲಿ ಓದಿದ್ದೇವೆ. ಕ್ಯಾಟ್‌ಕಾನ್ ಒಳಗಿನ ಲೋಹಗಳೂ ಕ್ರಿಯಾವರ್ಧಕಗಳೇ. ಹಾಗಿದ್ದರೆ ಸವೆಯಬಾರದ ವಸ್ತು ಸೋತದ್ದೇಕೆ? ಸವೆದ ಪಿಸ್ಟನ್ ರಿಂಗ್, ವಾಲ್ವ್ ಸೀಲುಗಳ ಮೂಲಕ ಸೋರಿ ಸುಟ್ಟ ಆಯಿಲ್‌ನ ರಂಜಕ ಮತ್ತು ಸತು ಲೋಹದ ಮೇಲೆ ಪದರವಾಗಿ ಕೂರುತ್ತವೆ. ಹಳೆಯ ಪ್ಲಗ್, ಸೋತ ಕಾಯಿಲ್, ಸೋರುವ ಇಂಜೆಕ್ಟರ್ ಕ್ಯಾಟ್‌ಕಾನನ್ನು ಅತಿ ಬಿಸಿಗೆ ದೂಡುತ್ತವೆ. ಕೋಡ್ ಹೇಳುವುದು ಸತ್ತವನ ಹೆಸರು. ಕೊಂದವನನ್ನು ಮೆಕ್ಯಾನಿಕ್ಕೇ ಹುಡುಕಬೇಕು. ಹುಡುಕದೆ ಹೊಸದನ್ನು ಕೂರಿಸಿದರೆ ಅದೂ ಅದೇ ಹಾದಿ ಹಿಡಿಯುತ್ತದೆ.

ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಬಿಡಿಭಾಗಗಳ ಅಂಗಡಿಗಳ ಸಾಲೇ ಇದೆ. ಗ್ಯಾಸ್ಕೆಟ್, ಪ್ಲಗ್, ಸೆನ್ಸರ್ ಅಲ್ಲಿ ಕ್ಯಾಟ್‌ಕಾನ್ ಬೆಲೆಯ ಸಣ್ಣ ಪಾಲಿಗೆ ದೊರೆಯುತ್ತವೆ. ಹುಡುಕಾಟಕ್ಕೆ ಕೊಟ್ಟ ಅರ್ಧ ದಿನದ ಮಜೂರಿ ದುಬಾರಿಯಲ್ಲ ಎಂದು ನಾನು ಹೇಳುವುದು ಇದಕ್ಕೇ.

ಇಟ್ಟಿಗೆಯನ್ನು ಒಡೆದು ತೆಗೆದು ಡಬ್ಬಿ ಖಾಲಿ ಮಾಡುವುದು, ಹಿಂದಿನ ಸೆನ್ಸರನ್ನು ಹೊಗೆಯಿಂದ ದೂರ ಸರಿಸಿ ಕಂಪ್ಯೂಟರಿಗೆ ಸುಳ್ಳು ಹೇಳಿಸುವುದು ಕೂಡ ನಡೆಯುತ್ತದೆ. ದೀಪ ಆರುತ್ತದೆ, ವಿಷ ಹರಿಯುತ್ತಲೇ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಯನ್ನು ಒಪ್ಪುವುದಿಲ್ಲ. ಬಿಎಸ್-4 ಪೆಟ್ರೋಲ್ ಕಾರಿನ ಹೊಗೆ ಪರೀಕ್ಷೆಯಲ್ಲಿ ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ 0.3 ಪ್ರತಿಶತ ಮೀರಬಾರದು. ಕಾಯ್ದೆಗಿಂತ ಮೊದಲು ನೆನೆಯಬೇಕಾದ್ದು ಅಮೀರ್‌ಪೇಟೆಯ ಸಿಗ್ನಲ್ಲಿನಲ್ಲಿ ನಮ್ಮ ಸೈಲೆನ್ಸರಿಗೆ ಮುಖ ಕೊಟ್ಟು ನಿಂತ ಸ್ಕೂಟರನ್ನು, ಅದರ ಮುಂದೆ ನಿಂತ ಮಗುವನ್ನು.

ರಿಪೇರಿ ಮುಗಿಸಿ ಕೋಡ್ ಅಳಿಸಿದ ಮೇಲೂ ಕೆಲಸ ಬಾಕಿ ಇದೆ. ಕಂಪ್ಯೂಟರ್ ಕ್ಯಾಟ್‌ಕಾನನ್ನು ಮತ್ತೆ ಪರೀಕ್ಷಿಸಿ ಒಪ್ಪಬೇಕು. ಅದಕ್ಕೆ ಬಿಸಿಯಾದ ಎಂಜಿನ್, ಏಕವೇಗದ ಓಟ ಬೇಕು. ಪಂಜಾಗುಟ್ಟದ ತೆವಳುವ ಟ್ರಾಫಿಕ್ಕಿನಲ್ಲಿ ಅದು ಆಗದ ಮಾತು. 158 ಕಿ.ಮೀ. ಉದ್ದದ ಹೊರವರ್ತುಲ ರಸ್ತೆ ಅದಕ್ಕೆ ಹೇಳಿಮಾಡಿಸಿದಂತಿದೆ. ಪಕ್ಕದ ಸೀಟಿನಲ್ಲಿ ಸ್ಕ್ಯಾನರ್ ಹಿಡಿದು ಉಸ್ತಾದ್, ಸ್ಟೀರಿಂಗಿನಲ್ಲಿ ಮಾಲೀಕರು. ನಾರ್ಸಿಂಗಿಯ ಆಸುಪಾಸು ಬರುವ ಹೊತ್ತಿಗೆ ಎಂಜಿನ್ ಪೂರ್ತಿ ಬಿಸಿಯಾಗಿರುತ್ತದೆ. ಅಲ್ಲಿಂದ ಸಮೀಪದಲ್ಲೇ ಗಂಡಿಪೇಟೆ, ಊರ ಜನ ಉಸ್ಮಾನ್ ಸಾಗರವನ್ನು ಕರೆಯುವ ಹೆಸರದು. ಪರದೆಯಲ್ಲಿ ಮುಂದಿನ ಗೆರೆ ಏರಿಳಿಯುತ್ತಿದೆ. ಹಿಂದಿನದು ಕೆರೆಯ ತೂಬಿನಿಂದ ಹೊರಟ ನೀರಿನಂತೆ ನೆಮ್ಮದಿಯಾಗಿದೆ.