ಬಿರುಕಿನೊಳಗಿನ ನೀರು: ಅಂತರ್ಜಲವೂ ಭೂಕಂಪವೂ

ಅಂತರ್ಜಲವೆಂದರೆ ನೆಲದಡಿಯ ಕೆರೆಯಲ್ಲ. ಮರಳು, ಜೇಡಿಯ ನೆಲದಲ್ಲಿ ಕಣಗಳ ಸಂದಿನಲ್ಲಿ, ಗಟ್ಟಿ ಬಂಡೆಯಾದರೆ ಅದರ ಸೀಳುಗಳಲ್ಲಿ ತುಂಬಿಕೊಂಡ ನೀರು ಅದು. ಕರ್ನಾಟಕದ ಬಹುಭಾಗದಲ್ಲಿ ಕೊಳವೆಬಾವಿಗೆ ಸಿಗುವುದು ಗ್ರಾನೈಟ್, ನೈಸ್, ಬಸಾಲ್ಟ್ ಬಂಡೆಗಳ ಸೀಳಿನ ನೀರೇ. ಒಂದು ಹೊಲದಲ್ಲಿ ನೀರು ಚಿಮ್ಮಿ, ಪಕ್ಕದ ಹೊಲದಲ್ಲಿ ಬರೀ ಧೂಳು ಹಾರುವುದೂ ಅದಕ್ಕೇ. ಈ ಸೀಳುಗಳಲ್ಲಿ ಕೆಲವು ಹಲವು ಕಿಲೋಮೀಟರ್ ಆಳಕ್ಕೆ ಇಳಿಯುತ್ತವೆ. ಅವುಗಳ ಜೊತೆ ನೀರೂ ಇಳಿಯುತ್ತದೆ. ಭೂಕಂಪಗಳು ಹುಟ್ಟುವುದೂ ಆ ಆಳದಲ್ಲೇ.

ಬಂಡೆಯ ದೊಡ್ಡ ಬಿರುಕಿಗೆ ಭೂವಿಜ್ಞಾನದಲ್ಲಿ ಸ್ತರಭಂಗವೆಂಬ ಹೆಸರಿದೆ. ಅದರ ಎರಡೂ ಬದಿಯ ಬಂಡೆಗಳು ಒಂದನ್ನೊಂದು ತಳ್ಳುತ್ತಲೇ ಇರುತ್ತವೆ. ಆದರೂ ಅವು ಜಾರದಂತೆ ಘರ್ಷಣೆ ಹಿಡಿದಿಟ್ಟಿರುತ್ತದೆ, ಮೇಲಿನ ಬಂಡೆಯ ಭಾರ ಆ ಹಿಡಿತವನ್ನು ಬಿಗಿ ಮಾಡುತ್ತದೆ. ಬಿರುಕಿನಲ್ಲಿ ನೀರಿದ್ದರೆ ಅದು ಒಳಗಿನಿಂದ ಎರಡೂ ಬದಿಗಳನ್ನು ಹೊರಕ್ಕೆ ಒತ್ತುತ್ತದೆ, ಹಿಡಿತ ಅಷ್ಟರಮಟ್ಟಿಗೆ ಸಡಿಲಾಗುತ್ತದೆ. ನೀರು ಎಣ್ಣೆಯಂತೆ ಬಂಡೆಯನ್ನು ಜಾರಿಸುತ್ತದೆ ಎಂಬ ವಿವರಣೆ ಆಗಾಗ ಕೇಳಿಬರುತ್ತದಾದರೂ ಅದು ಸರಿಯಲ್ಲ. ಬಿಸಿನೀರಿನಲ್ಲಿ ತೊಳೆದ ಲೋಟವನ್ನು ಒದ್ದೆ ಕಲ್ಲಿನ ಮೇಲೆ ಬೋರಲು ಹಾಕಿದರೆ ಅದು ಒಮ್ಮೊಮ್ಮೆ ತಾನಾಗಿಯೇ ಸರಿಯುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿ ಕಾದು ಹಿಗ್ಗಿ, ಲೋಟದ ಭಾರವನ್ನು ಕೊಂಚ ಎತ್ತಿ ಹಿಡಿದಿರುತ್ತದೆ. ಸ್ತರಭಂಗದಲ್ಲಿ ನೀರಿನ ಕೆಲಸವೂ ಇದೇ. ಜಾರುವ ಹಂತಕ್ಕೆ ಬಂದು ನಿಂತ ಬಿರುಕಿಗೆ ಒಂದೆರಡು ಮೀಟರ್ ನೀರಿನಷ್ಟು ಹೆಚ್ಚುವರಿ ಒತ್ತಡವೂ ಸಾಕಾಗಬಹುದು. ಹಾಗೆಂದು ಭೂಕಂಪದ ಶಕ್ತಿ ನೀರಿನದಲ್ಲ. ಅದು ಬಂಡೆಯಲ್ಲಿ ಶತಮಾನಗಳಿಂದ ಕೂಡಿಟ್ಟದ್ದು, ನೀರು ಚಿಲಕ ತೆಗೆಯುತ್ತದೆ ಅಷ್ಟೆ.

ಇದು ಮೊದಲು ಸ್ಪಷ್ಟವಾಗಿ ಕಂಡದ್ದು ಅಮೆರಿಕದ ಡೆನ್ವರ್ ನಗರದ ಬಳಿ. ಅಲ್ಲಿನ ಸೇನೆಯ ರಾಸಾಯನಿಕ ಅಸ್ತ್ರಗಳ ಕಾರ್ಖಾನೆಯೊಂದು 1962ರಲ್ಲಿ ತನ್ನ ತ್ಯಾಜ್ಯ ದ್ರವವನ್ನು ಸುಮಾರು 3,670 ಮೀಟರ್ ಆಳದ ಬಾವಿಗೆ ಒತ್ತಿ ತುಂಬಲು ಶುರುಮಾಡಿತು. ಕೆಲವೇ ವಾರಗಳಲ್ಲಿ ನೆಲ ಅದುರತೊಡಗಿತು. ದ್ರವ ತುಂಬಿದ ತಿಂಗಳುಗಳಿಗೂ ಕಂಪನದ ಎಣಿಕೆಗೂ ಇದ್ದ ಹೊಂದಿಕೆಯನ್ನು ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ 1965ರಲ್ಲಿ ಬಹಿರಂಗಪಡಿಸಿದರು, 1966ರ ಫೆಬ್ರವರಿಯಲ್ಲಿ ಬಾವಿ ನಿಂತಿತು. ವಿಚಿತ್ರವೆಂದರೆ ಅಲ್ಲಿನ ದೊಡ್ಡ ಕಂಪನಗಳು ಬಂದದ್ದು ಆಮೇಲೆ, 1967ರಲ್ಲಿ. ತುಂಬುವುದು ನಿಂತರೂ ಒಳಗಿನ ಒತ್ತಡ ಬಿರುಕಿನಿಂದ ಬಿರುಕಿಗೆ ನಿಧಾನವಾಗಿ ಹರಡುತ್ತಲೇ ಇತ್ತು. ಅದೇ ಕೊಲರಾಡೊ ರಾಜ್ಯದ ರೇಂಜ್ಲಿ ತೈಲಕ್ಷೇತ್ರದಲ್ಲಿ 1969ರಿಂದ 1973ರವರೆಗೆ ವಿಜ್ಞಾನಿಗಳು ಬೇಕೆಂದೇ ಬಾವಿಗಳ ಒತ್ತಡವನ್ನು ಏರಿಸಿ ಇಳಿಸಿ ನೋಡಿದರು. ಒಂದು ಮಿತಿ ದಾಟಿದರೆ ಕಂಪನ ಹೆಚ್ಚುತ್ತಿತ್ತು, ಇಳಿಸಿದರೆ ಅಡಗುತ್ತಿತ್ತು. ಆ ಪಾಠವಿದ್ದೂ ಮುಂದೆ ಓಕ್ಲಹೋಮದಲ್ಲಿ ತೈಲಬಾವಿಗಳ ಉಪ್ಪುನೀರನ್ನು ಅಪಾರ ಪ್ರಮಾಣದಲ್ಲಿ ಆಳಕ್ಕೆ ತುಂಬಲಾಯಿತು. 2016ರ ಸೆಪ್ಟೆಂಬರಿನಲ್ಲಿ ಅಲ್ಲಿ 5.8ರ ತೀವ್ರತೆಯ ಭೂಕಂಪವಾಯಿತು.

ಭಾರತದ ಉದಾಹರಣೆ ಇನ್ನೂ ದೊಡ್ಡದು. ಮಹಾರಾಷ್ಟ್ರದ ಕೊಯ್ನಾ ಜಲಾಶಯ ಅರವತ್ತರ ದಶಕದ ಆರಂಭದಲ್ಲಿ ತುಂಬತೊಡಗಿದ ಮೇಲೆ ಸುತ್ತಲ ನೆಲ ಕಂಪಿಸಲಾರಂಭಿಸಿತು. 1967ರ ಡಿಸೆಂಬರ್ 11ರ ಬೆಳಗಿನ ಜಾವ 6.3ರ ತೀವ್ರತೆಯ ಭೂಕಂಪ ಕೊಯ್ನಾನಗರವನ್ನು ಕೆಡವಿ ಸುಮಾರು 200 ಜನರ ಪ್ರಾಣ ತೆಗೆಯಿತು. ಜಲಾಶಯದ ಭಾರ ಕೂಡಲೇ ಬಂಡೆಯನ್ನು ಅದುಮುತ್ತದೆ. ನೀರಿನ ಒತ್ತಡ ಮಾತ್ರ ಸೀಳುಗಳಲ್ಲಿ ಇಳಿದು ಕಂಪನದ ಆಳ ಮುಟ್ಟಲು ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಮಳೆಗಾಲ ಕಳೆದು ಜಲಾಶಯ ತುಂಬಿ ನಿಂತ ಮೇಲೆ ಅಲ್ಲಿ ಕಂಪನ ಹೆಚ್ಚುವುದು ಇವತ್ತಿಗೂ ಕಾಣುವ ಸಂಗತಿ.

ಜಲಾಶಯವಿಲ್ಲದೆಯೂ, ಬರೀ ಮಳೆ ಇಂಥ ಕೆಲಸ ಮಾಡಬಲ್ಲದು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲದೊಳಗಿನ ಸದ್ದಿಗೆ, ನಡುಕಕ್ಕೆ ಹೆದರಿ ಜನ ಮನೆಯ ಹೊರಗೆ ಮಲಗಿದರು, ಎಷ್ಟೋ ಕುಟುಂಬಗಳು ಊರು ಬಿಟ್ಟವು. ವಿಜಯಪುರದ ಕಡೆಯೂ ಇಂಥ ಸಣ್ಣ ನಡುಕಗಳು ಮರುಕಳಿಸುತ್ತವೆ. ಮಳೆಯ ನೀರು ಬಿರುಕುಗಳಿಗೆ ಇಳಿದು ಹುಟ್ಟಿಸುವ ಕಂಪನಗಳಿವು ಎಂಬುದು ತಜ್ಞರು ಮುಂದಿಟ್ಟ ಮುಖ್ಯ ವಿವರಣೆ. 1993ರಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯಲ್ಲಾದ ಭೂಕಂಪವನ್ನು ಅನುಭವಿಸಿದ ಆ ಸೀಮೆಗೆ ಈ ವಿವರಣೆ ಎಷ್ಟು ಸಮಾಧಾನ ಕೊಟ್ಟೀತು ಎಂಬುದು ಬೇರೆ ಮಾತು.

ನೀರು ತುಂಬಿದರೆ ಮಾತ್ರವಲ್ಲ, ಬರಿದಾದರೂ ಬಿರುಕು ಜಾರಬಹುದು. ಸ್ಪೇನಿನ ಲೋರ್ಕಾ ಪಟ್ಟಣದ ಸುತ್ತ ವ್ಯವಸಾಯಕ್ಕೆಂದು ಅರ್ಧ ಶತಮಾನ ನೀರೆತ್ತಿದ್ದರಿಂದ ಅಂತರ್ಜಲ ಸುಮಾರು 250 ಮೀಟರ್ ಕುಸಿದಿತ್ತು. 2011ರ ಮೇ 11ರಂದು ಅಲ್ಲಿ 5.1ರ ತೀವ್ರತೆಯ ಭೂಕಂಪವಾಗಿ ಒಂಬತ್ತು ಜನ ಸತ್ತರು. ಮೇಲಿನ ನೀರಿನ ಭಾರ ಇಲ್ಲವಾದದ್ದರಿಂದ ನೆಲದ ಒತ್ತಡದ ಲೆಕ್ಕ ಬದಲಾಗಿ, ಮೊದಲೇ ಬಿಗಿದಿದ್ದ ಸ್ತರಭಂಗ ಜಾರಿತು ಎಂದು ಮರುವರ್ಷ ಪ್ರಕಟವಾದ ಅಧ್ಯಯನ ವಾದಿಸಿತು. ಇದರಿಂದ ಪ್ರತಿ ನಡುಕಕ್ಕೂ ಊರಿನ ಕೊಳವೆಬಾವಿಗಳನ್ನು ದೂರುವಂತಿಲ್ಲ. ಲೋರ್ಕಾದ ಜಾರುವಿಕೆ ಅಸಾಧಾರಣವಾಗಿ ಮೇಲ್ಮಟ್ಟದಲ್ಲಿ ನಡೆದದ್ದು, ಅಲ್ಲಿ ಕುಸಿದ ನೀರೂ ಸಾಮಾನ್ಯವಲ್ಲ.

ಇನ್ನು ನೆಲ ನಡುಗಿದಾಗ ನೀರಿಗೆ ಏನಾಗುತ್ತದೆ? ಸ್ತರಭಂಗದ ಹತ್ತಿರ ಬಂಡೆ ಎಲ್ಲಿ ಅದುಮಿಕೊಳ್ಳುತ್ತದೋ ಅಲ್ಲಿನ ಬಾವಿಗಳಲ್ಲಿ ನೀರು ಏರುತ್ತದೆ, ಎಲ್ಲಿ ಹಿಗ್ಗುತ್ತದೋ ಅಲ್ಲಿ ಇಳಿಯುತ್ತದೆ. ದೂರದಲ್ಲಿ ಈ ಕೆಲಸ ಭೂಕಂಪದ ಅಲೆಗಳದು. 1964ರ ಮಾರ್ಚಿನ ಅಲಾಸ್ಕಾ ಭೂಕಂಪದ ತೀವ್ರತೆ 9.2. ಆಗ ಸಾವಿರಾರು ಕಿಲೋಮೀಟರ್ ದೂರದ ಫ್ಲಾರಿಡಾದ ಬಾವಿಗಳೂ ಕದಡಿದವು. ಸೌತ್ ಡಕೋಟಾದ ಒಂದು ಬಾವಿಯಲ್ಲಿ ನೀರು ಸುಮಾರು 7 ಮೀಟರ್ ಏರಿಳಿಯಿತು. ಅಲೆ ಹಾದುಹೋಗುವಾಗ ಸೀಳುಗಳಲ್ಲಿ ಕಟ್ಟಿಕೊಂಡ ಹೂಳು ಕಳಚಿ, ಬತ್ತಿದ ಒರತೆ ಜಿನುಗುವುದೂ ಉಂಟು, ತಿಳಿನೀರು ಕೆಂಪಾಗುವುದೂ ಉಂಟು.

ನೀರು ತುಂಬಿದ ಸಡಿಲ ಮರಳಿನ ನೆಲದಲ್ಲಿ ಪರಿಣಾಮ ಭೀಕರ. ಅಲುಗಾಟಕ್ಕೆ ಮರಳಿನ ಕಣಗಳು ಒತ್ತೊತ್ತಾಗಿ ಕೂರಲು ಹವಣಿಸುತ್ತವೆ. ನಡುವಿನ ನೀರಿಗೆ ಓಡಲು ಜಾಗವಿಲ್ಲ, ಒತ್ತಡ ಏರಿ ಕಣಗಳನ್ನೇ ತೇಲಿಸುತ್ತದೆ, ನೆಲ ಗಂಜಿಯಾಗುತ್ತದೆ. 1934ರ ಬಿಹಾರ ಭೂಕಂಪದಲ್ಲಿ ಹೀಗೆ ಹೊಲಗಳು ಮರಳಿನಡಿ ಹೂತುಹೋದವು. 2001ರ ಭುಜ್ ಭೂಕಂಪದಲ್ಲಿ ಕಛ್‌ನ ರಣದ ಒಣನೆಲದಿಂದ ಉಪ್ಪುನೀರಿನ ಬುಗ್ಗೆಗಳು ಚಿಮ್ಮಿದವು. ಕಾಣೆಯಾದ ನದಿ ಮರಳಿತೆಂಬ ಮಾತೂ ಆಗ ಹಬ್ಬಿತ್ತು. ಅದು ನದಿಯಲ್ಲ, ಹಿಂಡಿ ತೆಗೆದ ಅಂತರ್ಜಲ.

ಕಂಪನಕ್ಕೆ ಮೊದಲೇ ಬಾವಿ ಸುಳಿವು ಕೊಟ್ಟೀತೇ ಎಂಬ ಆಸೆ ಹಳೆಯದು. 1966ರ ತಾಷ್ಕೆಂಟ್ ಭೂಕಂಪಕ್ಕೆ ಮುನ್ನ ಆಳದ ಬಾವಿಯ ನೀರಿನಲ್ಲಿ ರೇಡಾನ್ ಅನಿಲ ಏರಿತ್ತು. ಚೀನಾದ ಹೈಚೆಂಗಿನಲ್ಲಿ 1975ರ ಫೆಬ್ರವರಿಯಲ್ಲಿ ಜನರನ್ನು ಮುಂಚೆಯೇ ಮನೆಯಿಂದ ಹೊರಗೆ ಕಳಿಸಿದ್ದಕ್ಕೆ ಬಾವಿಗಳ ಬದಲಾವಣೆಯೂ ಒಂದು ಕಾರಣ, ಆದರೆ ದೊಡ್ಡ ಕಾರಣ ಮೊದಲೇ ಬಂದ ಸಣ್ಣ ನಡುಕಗಳು. ಮರುವರ್ಷ ತಾಂಗ್‌ಶಾನಿನಲ್ಲಿ ಅಂಥ ಎಚ್ಚರಿಕೆ ಸಿಗಲಿಲ್ಲ, 2,40,000ಕ್ಕೂ ಹೆಚ್ಚು ಜನ ಸತ್ತರು. ಮಳೆ, ಪಂಪು, ಗಾಳಿಯ ಒತ್ತಡ, ಚಂದ್ರನ ಸೆಳೆತ ಎಲ್ಲಕ್ಕೂ ಬಾವಿಯ ನೀರು ಏರಿಳಿಯುತ್ತದೆ. ಅದರಲ್ಲಿ ಭೂಕಂಪದ ಸುಳಿವನ್ನು ಆರಿಸಿ ತೆಗೆಯುವ ನಂಬಲರ್ಹ ವಿಧಾನ ಇನ್ನೂ ಇಲ್ಲ.

ಮೇಲಿನ ಬಾವಿಗಳಲ್ಲಿ ಹುಡುಕುವ ಬದಲು ಜಾರುವ ಬಿರುಕಿನ ಹತ್ತಿರವೇ ಹೋಗುವ ಪ್ರಯತ್ನ ಕೊಯ್ನಾದಲ್ಲಿ ನಡೆದಿದೆ. 2017ರಲ್ಲಿ ಅಲ್ಲಿ 3 ಕಿಲೋಮೀಟರ್ ಆಳದ ಮೊದಲ ರಂಧ್ರ ಕೊರೆದು ಮುಗಿಯಿತು. ಡ್ರಿಲ್ಲು ಒಂದೂಕಾಲು ಕಿಲೋಮೀಟರ್‌ನಷ್ಟು ಬಸಾಲ್ಟ್ ದಾಟಿ ಕೆಳಗಿನ ಗ್ರಾನೈಟನ್ನು ಹೊಕ್ಕಿತು. ಅಲ್ಲಿನ ಕಂಪನಗಳಲ್ಲಿ ಹೆಚ್ಚಿನವು ಹುಟ್ಟುವುದು ಅದಕ್ಕೂ ಕೆಳಗೆ.