ಬ್ರೇಕು ಕುದಿದ ದಿನ

ಚೆನ್ನೈ ಹತ್ತಿರದ ಇರುಂಗಾಟುಕೋಟೆಯ ರೇಸ್ ಟ್ರ್ಯಾಕಿನಲ್ಲಿ ನನ್ನದು ಐದನೇ ಸುತ್ತು. ಉದ್ದನೆಯ ನೇರ ದಾರಿ ಮುಗಿಯುವಲ್ಲಿ ಬ್ರೇಕ್ ಒತ್ತಿದೆ. ನಾಟಿಗದ್ದೆಯ ಕೆಸರಿಗೆ ಕಾಲಿಟ್ಟ ಹಾಗೆ ಪೆಡಲು ಮೆತ್ತಗೆ ತಳ ಮುಟ್ಟಿತು. ಕಾರಿನ ವೇಗ ಕಡಿಮೆಯಾಗಲಿಲ್ಲ. ಎರಡು ಸಲ ಪಂಪು ಮಾಡಿ, ಗೇರು ಇಳಿಸಿ, ತಿರುವು ಬಿಟ್ಟು ಹೊರಗೆ ಹೋಗಿ ಹೇಗೋ ನಿಂತೆ. ಗಾಡಿಗೂ ನನಗೂ ಏನೂ ಆಗಲಿಲ್ಲ. ಸೋಜಿಗವೆಂದರೆ, ಅರ್ಧ ಗಂಟೆ ಬಿಟ್ಟು ನೋಡಿದರೆ ಅದೇ ಪೆಡಲು ಕಲ್ಲಿನ ಹಾಗೆ ಗಟ್ಟಿ.

ನಮ್ಮ ಮನೆ ಹೊಸನಗರ ತಾಲ್ಲೂಕಿನ ನಿಟ್ಟೂರಿನ ಹತ್ತಿರ. ನಾಗೋಡಿ ಘಾಟಿಯಲ್ಲಿ ಕೊಲ್ಲೂರಿಗೆ ಇಳಿದು ಹತ್ತಿಯೇ ಡ್ರೈವಿಂಗ್ ಕಲಿತವನು ನಾನು. ಘಾಟಿ ಇಳಿದ ಬ್ರೇಕಿಗೆ ಟ್ರ್ಯಾಕು ಯಾವ ಲೆಕ್ಕ ಎಂಬ ಜಂಬವಿತ್ತು. ಆಮೇಲೆ ಕಾಗದ ತೆಗೆದುಕೊಂಡು ನಿಜವಾಗಿಯೂ ಲೆಕ್ಕ ಹಾಕಿದೆ. ನಾನೂ ಸೇರಿ 1100 ಕೆ.ಜಿ. ತೂಗುವ ಸಣ್ಣ ಕಾರು ಗಂಟೆಗೆ 150 ಕಿ.ಮೀ. ವೇಗದಿಂದ 60ಕ್ಕೆ ಇಳಿಯಬೇಕಾದರೆ ಸುಮಾರು 800 ಕಿಲೊಜೂಲ್ ಶಕ್ತಿ ಶಾಖವಾಗಬೇಕು. ಎರಡೂವರೆ ಲೀಟರ್ ತಣ್ಣೀರು ಕುದಿ ಬರುವಷ್ಟು ಶಾಖ, ಮೂರು ನಾಲ್ಕು ಸೆಕೆಂಡಿನಲ್ಲಿ! ಅದೇ ಕಾರು ಘಾಟಿಯಲ್ಲಿ 500 ಮೀಟರ್ ಇಳಿದರೆ ಹುಟ್ಟುವುದು ಒಟ್ಟು 5400 ಕಿಲೊಜೂಲ್, ಅಂದರೆ ಅಂಥ ಏಳು ಬ್ರೇಕಿನಷ್ಟು. ಎರಡನೇ ಗೇರಿನಲ್ಲಿ ಇಳಿದರೆ ಅದರಲ್ಲೂ ದೊಡ್ಡ ಪಾಲು ಎಂಜಿನ್ನೇ ಹೊರುತ್ತದೆ. ಟ್ರ್ಯಾಕಿನಲ್ಲಿ ಎರಡು ಮೂರು ಸುತ್ತು ಹಾಕುವಷ್ಟರಲ್ಲಿ ಇಡೀ ಘಾಟಿ ಇಳಿದು ಮುಗಿದಿರುತ್ತದೆ. ನನ್ನ ಜಂಬವೂ ಇಳಿಯಿತು.

ಮೊದಲ ಗುಮಾನಿ ಬ್ರೇಕ್ ಪ್ಯಾಡಿನ ಮೇಲೆ. ಎಲ್ಲರೂ ಮಾಡುವುದು ಅದನ್ನೇ, ಅದಕ್ಕೆ ಕಾರಣವೂ ಇದೆ. ಬ್ರೇಕಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಸುಟ್ಟುಹೋಗದೆ ಉಜ್ಜುವ ವಸ್ತುವನ್ನು ಹುಡುಕಿದ ಕತೆ. ನಮ್ಮ ಕಡೆ ಎತ್ತಿನ ಗಾಡಿ ಇಳಿಜಾರಿಗೆ ಬಂದರೆ ಚಕ್ರದ ಪಟ್ಟಿಗೆ ಮರದ ತುಂಡು ಒತ್ತಿ ಬಿರಿ ಹಾಕುತ್ತಿದ್ದರು. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡಿನ ರೈತರು ಕುದುರೆ ಗಾಡಿಯ ಚಕ್ರಕ್ಕೆ ಹಳೇ ಬೂಟು ಒತ್ತುತ್ತಿದ್ದರಂತೆ. ಅದನ್ನು ಕಂಡು ತಲೆ ಕೆಡಿಸಿಕೊಂಡವನು ಹರ್ಬರ್ಟ್ ಫ್ರೂಡ್. ಬೂಟಿಗಿಂತ ಗಟ್ಟಿಯಾದದ್ದು ಬೇಕೆಂದು 1897ರಲ್ಲಿ ಬ್ರೇಕ್ ಕಟ್ಟೆಗಳನ್ನು ಮಾಡಲು ಕೂತ. ಅಂಟು ಕುಡಿಸಿದ ನೆಯ್ಗೆಯ ಪಟ್ಟಿ ಗಾಡಿಗಳಿಗೆ ಸಾಕಾಗುತ್ತಿತ್ತು, ಮೋಟಾರು ಬಂದ ಮೇಲೆ ಕರಕಲಾಗತೊಡಗಿತು. 1908ರ ಹೊತ್ತಿಗೆ ಅವನು ಕಲ್ನಾರಿಗೆ ಬಂದ. ಕಲ್ನಾರು ಬೆಂಕಿಯನ್ನು ತಡೆಯಿತು, ಅದರ ಧೂಳು ಜನರ ಶ್ವಾಸಕೋಶವನ್ನು ತಿಂದಿತು. ಅದನ್ನು ಕೈಬಿಡಲು ಅನೇಕ ದೇಶಗಳಿಗೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ಹಿಡಿಯಿತು. ಅವನು ಕಟ್ಟಿದ ಕಂಪನಿಯೇ ಫೆರೊಡೊ. ಫ್ರೂಡ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ, ಹೆಂಡತಿ ಎಲಿಜಬೆತ್‌ಳ ಮೊದಲಕ್ಷರವನ್ನು ಸೇರಿಸಿದರೆ ಆ ಹೆಸರು ಬರುತ್ತದೆ.

ಡಿಸ್ಕ್ ಬ್ರೇಕಿಗೆ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದ. ತಾಮ್ರದ ಪ್ಯಾಡು ಲೋಹದ ತಟ್ಟೆಗೆ ಉಜ್ಜಿ ಕಿವಿ ಕಿತ್ತುಹೋಗುವ ಹಾಗೆ ಕಿರುಚುತ್ತಿತ್ತು. ಅದು ಮಾನ ಉಳಿಸಿಕೊಂಡದ್ದು ಅರ್ಧ ಶತಮಾನದ ಮೇಲೆ, 1953ರ ಲ ಮಾನ್ 24 ಗಂಟೆಯ ರೇಸಿನಲ್ಲಿ. ಡನ್ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಓಡಿಸಿದ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು. ಮುಚ್ಚಿದ ಡ್ರಮ್ಮಿನೊಳಗೆ ಬೇಯುತ್ತಿದ್ದ ಬ್ರೇಕು ಗಾಳಿಗೆ ಮೈಯೊಡ್ಡಿ ಉಸಿರಾಡಿದ್ದರಿಂದ ಬಂದ ಗೆಲುವು.

ಇಷ್ಟೆಲ್ಲ ಓದಿ, ಕೈಯಲ್ಲಿದ್ದ ದುಡ್ಡು ಸುರಿದು, ಹೆಚ್ಚು ಶಾಖ ತಡೆಯುವ ಪ್ಯಾಡು ಹಾಕಿಸಿದೆ. ಮುಂದಿನ ಸಲ ಏಳನೇ ಸುತ್ತಿಗೆ ಪೆಡಲು ಮತ್ತೆ ಕೆಸರಿಗಿಳಿಯಿತು.

ಊರಿಗೆ ಬಂದಾಗ ಕೊಡಚಾದ್ರಿಗೆ ಜೀಪು ಹೊಡೆಯುವ ಹಿರಿಯರೊಬ್ಬರ ಹತ್ತಿರ ಗೋಳು ಹೇಳಿಕೊಂಡೆ. ಅವರು ಕೇಳಿದ್ದು ಒಂದೇ. "ಪೆಡಲು ಗಟ್ಟಿ ಇದ್ದು ಗಾಡಿ ನಿಲ್ಲಲಿಲ್ವೋ, ಪೆಡಲೇ ಮೆತ್ತಗಾಯ್ತೋ?"

"ಮೆತ್ತಗಾಯ್ತು."

"ಹಾಗಾದ್ರೆ ಪ್ಯಾಡಲ್ಲ ಮಾರಾಯಾ. ಬ್ರೇಕ್ ಆಯಿಲ್ ಬದಲಿಸಿದ್ದು ಯಾವಾಗ?"

ಅದನ್ನು ಬದಲಿಸಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಕಾರು ನಮ್ಮ ಅಂಗಳದಲ್ಲಿ ಮೂರು ಮಳೆಗಾಲ ಕಳೆದಿತ್ತು.

ಮುಂದಿನ ಚಕ್ರ ಬಿಚ್ಚಿ, ಪ್ಯಾಡು ಒತ್ತುವ ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲಿಗೆ ಸಣ್ಣ ಪೈಪು ಸಿಕ್ಕಿಸಿ ಬಾಟಲಿಗೆ ಬಿಟ್ಟೆವು. ಹೊಸದಿದ್ದಾಗ ತೆಳು ಹಳದಿ ಇರುವ ದ್ರವ ಅಪ್ಪಟ ಕಷಾಯದ ಬಣ್ಣಕ್ಕೆ ತಿರುಗಿತ್ತು. ಪೆಡಲು ಒತ್ತಿದಂತೆಲ್ಲ ಪೈಪಿನಲ್ಲಿ ಸಾಸಿವೆಯಂಥ ಗುಳ್ಳೆಗಳು ಒಂದರ ಹಿಂದೊಂದು ಹೊರಟವು.

ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಹಿಂದೆ ಹರಳೆಣ್ಣೆಗೆ ಮದ್ಯಸಾರ ಬೆರೆಸಿ ಹಾಕುತ್ತಿದ್ದದ್ದುಂಟು, ಏಕೆಂದರೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ಒಳಗಿನ ನೈಸರ್ಗಿಕ ರಬ್ಬರು ಉಬ್ಬುತ್ತದೆ. ಈಗಿನದು ಗ್ಲೈಕಾಲ್ ಜಾತಿಯದು, ನೀರಿನ ದಾಹ ಅದಕ್ಕೆ. ರಬ್ಬರ್ ಹೋಸಿನ ಮೂಲಕ, ಮುಚ್ಚಳದ ಸಂದಿನ ಮೂಲಕ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದಕ್ಕೆ ಬೇಕಾದ ಕನಿಷ್ಠ ಮಟ್ಟ 155 ಡಿಗ್ರಿ. ಕುದಿದರೆ ಆವಿ. ದ್ರವವನ್ನು ಒತ್ತಿದರೆ ಒತ್ತಡ ಚಕ್ರ ಮುಟ್ಟುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದಷ್ಟೆ. ತಣ್ಣಗಾದಾಗ ಆವಿ ಮತ್ತೆ ದ್ರವವಾಗಿ, ಪೆಡಲು ಏನೂ ಅರಿಯದ ಹಸುಳೆಯಂತೆ ಗಟ್ಟಿಯಾಗುತ್ತದೆ. ಪ್ಯಾಡು ಸೋತರೆ ಪೆಡಲು ಗಟ್ಟಿಯಾಗಿಯೇ ಇದ್ದು ಗಾಡಿ ಜಾರುತ್ತದೆ. ಜೀಪಿನವರು ಕೇಳಿದ ಒಂದು ಪ್ರಶ್ನೆಯಲ್ಲಿ ಇದಿಷ್ಟೂ ಇತ್ತು.

ನಿಟ್ಟೂರಿನ ಆಷಾಢ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಚ್ಚಿಟ್ಟ ಭರಣಿಯಲ್ಲೂ ಉಪ್ಪು ನೀರೊಡೆಯುತ್ತದೆ, ಬೆಲ್ಲ ಬೆವರುತ್ತದೆ, ಡಬ್ಬಿಯ ಹಪ್ಪಳ ಮೆತ್ತಗಾಗುತ್ತದೆ. ಅದೇ ಗಾಳಿಯಲ್ಲಿ ನಿಂತ ಕಾರಿನ ಬ್ರೇಕ್ ಆಯಿಲ್ ಮಾತ್ರ ಒಣಗಿರುತ್ತದೆಯೇ? ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಟ್ರ್ಯಾಕಿಗೆ ಹೋಗುವ ಮಲೆನಾಡಿಗರು ಪ್ರತಿ ಮಳೆಗಾಲ ಕಳೆದ ಮೇಲೆ ಬದಲಿಸುವುದು ಕ್ಷೇಮ ಎಂದು ನನ್ನ ಅಭಿಪ್ರಾಯ. ಸೀಲ್ ಒಡೆದಿಟ್ಟ ಹಳೇ ಡಬ್ಬಿಯದನ್ನಂತೂ ಹಾಕಬಾರದು.

ಟೈರಿನ ವಿಚಾರದಲ್ಲಿ ಇಷ್ಟು ಪೆಟ್ಟು ತಿನ್ನಲಿಲ್ಲ, ಒಂದು ತುಂಡು ಸೀಮೆಸುಣ್ಣ ಕಾಪಾಡಿತು. ಟೈರಿನ ಅಂಚಿನ ಮೇಲಿಂದ ಪಕ್ಕದವರೆಗೆ ಸುಣ್ಣದ ಗೆರೆ ಎಳೆದು ನಾಲ್ಕು ಸುತ್ತು ಹಾಕಿ ಬನ್ನಿ. ಪಕ್ಕದ ಗೋಡೆಯ ಗೆರೆಯೂ ಅಳಿಸಿದ್ದರೆ ಗಾಳಿ ಕಡಿಮೆ, ಟೈರು ಮಡಚಿಕೊಳ್ಳುತ್ತಿದೆ. ಅಂಚಿನ ಮೇಲಿನದೇ ಉಳಿದಿದ್ದರೆ ಗಾಳಿ ಹೆಚ್ಚು. ಟೈರು ಬಿಸಿಯಾದಾಗ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಒತ್ತಡ ಹೆಚ್ಚುಕಡಿಮೆ ಒಂದೂವರೆ ಪಿಎಸ್‌ಐ ಏರುತ್ತದೆ. ಹಾಗಾಗಿ ಅಳತೆ ನೋಡಬೇಕಾದ್ದು ಟ್ರ್ಯಾಕಿನಿಂದ ಬಂದ ಕೂಡಲೇ, ಬಿಸಿಯಿರುವಾಗ. ಬಿಸಿಯಲ್ಲಿ ಇಳಿಸಿದ ಗಾಳಿಯನ್ನು ಮನೆಗೆ ಹೊರಡುವ ಮುಂಚೆ ಮತ್ತೆ ತುಂಬಿಸಿಕೊಳ್ಳುವುದನ್ನು ಮರೆಯಬಾರದು. ನಾನೊಮ್ಮೆ ಮರೆತಿದ್ದೆ.

ಮೂರನೇ ಸಲ ಹೊಸ ಆಯಿಲ್ ಹಾಕಿಕೊಂಡು ಹೋದೆ. ಹತ್ತು ಸುತ್ತಿಗೂ ಪೆಡಲು ಮೊದಲಿನಷ್ಟೇ ಎತ್ತರದಲ್ಲಿತ್ತು. ಹಳೆಯದನ್ನು ಹಿಡಿದಿಟ್ಟ ಬಾಟಲಿ ಇನ್ನೂ ಮನೆಯಲ್ಲಿದೆ. ಕಷಾಯವೆಂದು ಯಾರಾದರೂ ಬಗ್ಗಿಸಿಕೊಂಡಾರು ಎಂದು ಅಮ್ಮ ಅದರ ಮೇಲೆ 'ವಿಷ' ಎಂದು ಬರೆದು ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದ್ದಾಳೆ.